ಎಂಟು ನಿಮಿಷದ ಚಿತ್ರ, ಅಳಿಸಿಹೋದ ಎರಡೂವರೆ ಗಂಟೆ

ಕಳೆದ ವರ್ಷ ನವರಾತ್ರಿ ರಜೆ ಮುಗಿದು ಕಾಲೇಜು ಶುರುವಾದ ವಾರ. ಊಟಕ್ಕೆ ಏಳುವ ಹೊತ್ತಿಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಒಬ್ಬ ಯುವಕ ನಿಂತಿದ್ದ. ಸುಳ್ಯದ ಆಚೆಯ ಹಳ್ಳಿಯಿಂದ ಎರಡು ಬಸ್ ಬದಲಿಸಿ ಬಂದವನು. ನನಗೆ ಗುರುತು ಹತ್ತಲಿಲ್ಲ. “ಸರ್, ನೀವು ಮಕ್ಕಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದಿರಲ್ಲ, ಅಪ್ಪ ಮದ್ದಳೆ ಕಟ್ಟುವುದರ ವಿಡಿಯೋ ಮಾಡಲಿಕ್ಕೆ” ಎಂದಾಗ ನೆನಪಾಯಿತು. ಅಪ್ಪ ಹೇಗಿದ್ದಾರೆ ಎಂದು ಕೇಳಿದೆ. ಹೋಗಿ ಏಳು ತಿಂಗಳಾಯಿತು ಎಂದ.

ಅವನಿಗೆ ಬೇಕಾಗಿದ್ದದ್ದು ಆ ವಿಡಿಯೋ. ನನ್ನ ಹತ್ತಿರ ಇತ್ತು. ಸಂತೋಷದಿಂದಲೇ ಲ್ಯಾಪ್‌ಟಾಪ್ ತೆಗೆದು ಹಾಕಿದೆ. ಎಂಟು ನಿಮಿಷದ ಚಿತ್ರ. ಕಾಲೇಜು ವಾರ್ಷಿಕೋತ್ಸವದಲ್ಲಿ ತೋರಿಸಿದಾಗ ಚಪ್ಪಾಳೆ ಬಂದಿತ್ತು. ಅವನು ಸುಮ್ಮನೆ ನೋಡಿದ, ಮುಗಿದ ಮೇಲೆ ಮತ್ತೊಮ್ಮೆ ನೋಡಿದ, ಆಮೇಲೆ ಕೇಳಿದ: “ಇದರಲ್ಲಿ ಹಾಡು ತೆಗೆದು ಕೊಡಲಿಕ್ಕೆ ಆಗುತ್ತದಾ ಸರ್? ಅಪ್ಪ ಕರಣೆ ಹಾಕುವಾಗ ಮಧ್ಯ ಮಧ್ಯ ಬೆರಳಿನಲ್ಲಿ ಬಡಿದು ಕೇಳುತ್ತಿದ್ದರಲ್ಲ, ಆ ಸ್ವರ ಬೇಕಿತ್ತು. ನಾನು ಹಾಕಿದ್ದು ಒಡೆದು ಹೋಗುತ್ತದೆ. ಯಾವಾಗ ನಿಲ್ಲಿಸುತ್ತಿದ್ದರು ಅಂತ ಗೊತ್ತಾಗುವುದಿಲ್ಲ.”

ಹಾಡು ತೆಗೆಯಲು ಆಗುವುದಿಲ್ಲ. ನಾವು ಮೂಲ ಧ್ವನಿಯನ್ನು ಪೂರ್ತಿ ತೆಗೆದುಹಾಕಿ, ಅದರ ಮೇಲೆ ಎಲ್ಲಿಂದಲೋ ಇಳಿಸಿಕೊಂಡ ಕೊಳಲಿನ ಸಂಗೀತ ಅಂಟಿಸಿದ್ದೆವು. ಮೊದಲು ತೆಗೆದ ಎರಡೂವರೆ ಗಂಟೆಯ ಚಿತ್ರೀಕರಣ ಎಲ್ಲಿ ಎಂದರೆ, ಅದು ಇಲ್ಲ. ಪ್ರಶಿಕ್ಷಣಾರ್ಥಿಯ ಫೋನಿನಲ್ಲಿ ಮುಂದಿನ ಪಾಠದ ವಿಡಿಯೋಗೆ ಜಾಗ ಬೇಕಾಗಿತ್ತು. “ಎಡಿಟ್ ಆಯಿತಲ್ಲ, ಉಳಿದದ್ದು ಡಿಲೀಟ್ ಮಾಡಿ” ಎಂದು ಹೇಳಿದವನು ನಾನೇ.

ಈ ಪತ್ರಿಕೆಯಲ್ಲಿ ಇದನ್ನು ಬರೆಯುತ್ತಿರುವುದಕ್ಕೆ ಕಾರಣವಿದೆ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ನಮ್ಮ ವಿದ್ಯಾರ್ಥಿಗಳು ಈಗ ವರ್ಷಕ್ಕೆ ಹತ್ತಾರು ಸಾಕ್ಷ್ಯಚಿತ್ರ ಮಾಡುತ್ತಿದ್ದಾರೆ. ಬಿ.ಇಡಿ. ಎರಡು ವರ್ಷದ್ದಾದ ಮೇಲೆ ಶಾಲೆಯಲ್ಲಿ ಇರಬೇಕಾದ ಅವಧಿ 20 ವಾರಕ್ಕೆ ಏರಿದೆ; ಕಲೆ ಮತ್ತು ನಾಟಕ, ಮಾಹಿತಿ ತಂತ್ರಜ್ಞಾನ ಎಂಬ ಪತ್ರಿಕೆಗಳು ಬಂದಿವೆ; ಎಲ್ಲರ ಕೈಯಲ್ಲಿ ಫೋನ್ ಇದೆ. ಊರಿನ ಒಬ್ಬ ಕಲಾವಿದರನ್ನೋ ಕುಶಲಕರ್ಮಿಯನ್ನೋ ಹಿಡಿದು ಐದಾರು ನಿಮಿಷದ ಚಿತ್ರ ಮಾಡಿದರೆ ಎರಡೂ ಪತ್ರಿಕೆಗಳ ಚಟುವಟಿಕೆ ಒಟ್ಟಿಗೆ ಮುಗಿಯುತ್ತದೆ. ನಾನು ಅದನ್ನು ವಿರೋಧಿಸುತ್ತಿಲ್ಲ, ಇನ್ನೂ ಹೆಚ್ಚು ಆಗಲಿ ಎನ್ನುವವನು. ಆದರೆ ನಾವು ಅಂಕ ಕೊಡುತ್ತಿರುವುದು ತಪ್ಪು ವಸ್ತುವಿಗೆ. ಕತ್ತರಿಸಿ ಜೋಡಿಸಿದ ಎಂಟು ನಿಮಿಷಕ್ಕೆ ಅಂಕ ಕೊಡುತ್ತೇವೆ. ಕತ್ತರಿಸುವ ಮೊದಲಿನ ಎರಡೂವರೆ ಗಂಟೆಯನ್ನು ಯಾರೂ ಕೇಳುವುದಿಲ್ಲ. ಮಕ್ಕಳು ಕಲಿಯುವುದು, ಊರಿಗೆ ಉಳಿಯುವುದು, ಆ ಮನೆಯವರಿಗೆ ಮುಂದೆ ಬೇಕಾಗುವುದು ಎಲ್ಲವೂ ಆ ಎರಡೂವರೆ ಗಂಟೆಯಲ್ಲೇ ಇರುತ್ತದೆ.

ಆ ಚಿತ್ರವನ್ನು ಯುವಕ ಹೋದ ಮೇಲೆ ನಾನು ಗಡಿಯಾರ ಹಿಡಿದು ನೋಡಿದೆ. ಶುರುವಿಗೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕುಮಾರಧಾರಾ ಸೇರುವ ಸಂಗಮ, ಆಮೇಲೆ ಅಡಿಕೆ ತೋಟ, ಮಂಜು. ಸುಳ್ಯದ ಮದ್ದಳೆಗೂ ಉಪ್ಪಿನಂಗಡಿಯ ಸಂಗಮಕ್ಕೂ ಏನು ಸಂಬಂಧವೋ, ಚೆಂದ ಕಾಣುತ್ತದೆ ಎಂದು ಹಾಕಿದ್ದೆವು. ಒಂದೂವರೆ ನಿಮಿಷ ಅದಕ್ಕೇ ಹೋಯಿತು. ಬಳಿಕ ಒಳ್ಳೆಯ ಕಂಠದ ಪ್ರಶಿಕ್ಷಣಾರ್ಥಿನಿಯೊಬ್ಬರ ನಿರೂಪಣೆ: ‘ಗಂಡುಕಲೆ’, ‘ಎಲೆಮರೆಯ ಕಾಯಿ’, ‘ಅಳಿವಿನಂಚಿನಲ್ಲಿರುವ’ ಇತ್ಯಾದಿ. ಸಂಘಸಂಸ್ಥೆಗಳು ಹೊದಿಸಿದ ಶಾಲು, ಹಾರ, ಗೋಡೆಯ ಮೇಲಿನ ಫಲಕಗಳು. ಊರಿನ ಇಬ್ಬರು ಗಣ್ಯರ ಮೆಚ್ಚುಗೆಯ ಮಾತು. ಅವರ ಕೈ ಕೆಲಸ ಮಾಡುವುದು ಕಂಡದ್ದು ಎಲ್ಲ ಸೇರಿಸಿ ಐವತ್ತೆರಡು ಸೆಕೆಂಡು. ಅದರಲ್ಲಿ ಅತಿ ದೀರ್ಘವಾದ ತುಣುಕು ಆರು ಸೆಕೆಂಡಿನದು. ನನ್ನ ಮೌಲ್ಯಮಾಪನ ಹಾಳೆಯಲ್ಲಿ ಛಾಯಾಗ್ರಹಣ, ಸಂಕಲನ, ಹಿನ್ನೆಲೆ ಸಂಗೀತ, ನಿರೂಪಣೆ, ಸಂದೇಶ ಎಂಬ ಐದು ಕಲಮುಗಳಿದ್ದವು. ‘ಸಂದೇಶ’ಕ್ಕೆ ಪೂರ್ಣ ಅಂಕ ಕೊಟ್ಟಿದ್ದೆ.

ಮದ್ದಳೆಯ ಬಲದ ಮುಚ್ಚಿಗೆಗೆ ಹಾಕುವ ಕಪ್ಪು ಕರಣೆ ಒಂದೇ ಸಲಕ್ಕೆ ಮೆತ್ತುವಂಥದ್ದಲ್ಲ. ಅನ್ನ ಮತ್ತು ಕಿಟ್ಟದ ನಯವಾದ ಹುಡಿಯನ್ನು ಅರೆದು, ತೆಳ್ಳಗೆ ಒಂದು ಪದರ ಹಚ್ಚಿ, ನುಣುಪಾದ ಕಲ್ಲಿನಿಂದ ತಿಕ್ಕಿ ತಿಕ್ಕಿ ಒಣಗಿಸಿ, ಅದರ ಮೇಲೆ ಇನ್ನೊಂದು ಪದರ. ಪದರ ಏರಿದ ಹಾಗೆ ಸ್ವರ ಇಳಿಯುತ್ತದೆ, ನಾದ ಕೂಡುತ್ತದೆ. ಎಲ್ಲಿ ನಿಲ್ಲಿಸಬೇಕು ಎನ್ನುವುದಕ್ಕೆ ಅಳತೆಪಟ್ಟಿ ಇಲ್ಲ, ಕಿವಿಯೇ. ಭೌತಶಾಸ್ತ್ರದ ಪಾಠ ಹೇಳುವ ನಮ್ಮ ಪ್ರಶಿಕ್ಷಣಾರ್ಥಿಗಳು ಕಂಪಿಸುವ ಪೊರೆಯ ಮೇಲೆ ಭಾರ ಹೆಚ್ಚಿದರೆ ಆವೃತ್ತಿ ಕಡಿಮೆಯಾಗುತ್ತದೆ ಎಂದು ಹಲಗೆಯ ಮೇಲೆ ಬರೆಯುತ್ತಾರೆ. ಅದೇ ಸಂಗತಿ ಆ ಜಗಲಿಯಲ್ಲಿ ಎಂಟನೆಯ ತರಗತಿಯ ಹದಿನಾಲ್ಕು ಮಕ್ಕಳ ಎದುರು ನಡೆಯುತ್ತಿತ್ತು. ನಾವು ಅದರ ಮೇಲೆ ಕೊಳಲು ಊದಿಸಿದೆವು.

ಇನ್ನೊಂದು ತಪ್ಪು ಕ್ಯಾಲೆಂಡರಿನದ್ದು. ನಾವು ಹೋದದ್ದು ಆಗಸ್ಟ್ ತಿಂಗಳ ಎರಡನೆಯ ವಾರ, ಯಾಕೆಂದರೆ ನಮ್ಮ ಇಂಟರ್ನ್‌ಶಿಪ್ ಆಗ. ಫೋನ್ ಮಾಡಿದಾಗಲೇ ಅವರು ಹೇಳಿದ್ದರು: “ಮಾಷ್ಟ್ರೆ, ಈ ಮಳೆಗೆ ಕರಣೆ ಒಣಗುವುದಿಲ್ಲ, ಕೆಲಸವೂ ಇಲ್ಲ. ದೀಪಾವಳಿಗೆ ಮೊದಲು ಬನ್ನಿ, ಆಗ ನೋಡಲಿಕ್ಕೆ ಉಂಟು.” ಯಕ್ಷಗಾನದ ಬದುಕು ಗೊತ್ತಿರುವವರಿಗೆ ಇದು ಹೇಳಬೇಕಾದ ಮಾತೇ ಅಲ್ಲ. ಮೇಳಗಳು ತಿರುಗಾಟ ಹೊರಡುವುದು ದೀಪಾವಳಿಯ ಆಚೀಚೆ, ಗೆಜ್ಜೆ ಬಿಚ್ಚುವುದು ಬೇಶ ತಿಂಗಳ ಹತ್ತು ಹೋಗುವ ಪತ್ತನಾಜೆಗೆ, ಅಂದರೆ ಮೇ ಕೊನೆಗೆ. ಹೊರಡುವ ಮೊದಲಿನ ಒಂದು ತಿಂಗಳು ಮದ್ದಳೆ, ಚೆಂಡೆ ಕಟ್ಟುವವರ ಮನೆಯ ಜಗಲಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಾವು ಕೇಳಲಿಲ್ಲ. “ಸುಮ್ಮನೆ ಮಾಡಿ ತೋರಿಸಿದರೆ ಸಾಕು” ಎಂದೆವು. ಪಾಪ, ಹಳೆಯದೊಂದು ಸತ್ತ ಮುಚ್ಚಿಗೆ ತೆಗೆದು, ಒಣಗಲಾರದ ಕರಣೆ ಅರೆದು, ನಮಗೋಸ್ಕರ ಮಾಡಿದರು. ಹೆಂಚಿನ ಮೇಲೆ ಮಳೆ ಸುರಿಯುತ್ತಿತ್ತು. ಎರಡು ಸಲ “ಇನ್ನೊಮ್ಮೆ ಮಾಡಿ, ಈಚೆ ತಿರುಗಿ” ಎಂದೂ ಹೇಳಿದೆವು.

ಸಾಕ್ಷ್ಯಚಿತ್ರದ ಚರಿತ್ರೆ ಓದಿದವರಿಗೆ ಇದು ಹೊಸ ಪಾಪವಲ್ಲ. ಈ ಬಗೆಯ ಚಿತ್ರಗಳ ಪಿತಾಮಹ ಎಂದು ಕರೆಸಿಕೊಳ್ಳುವ ರಾಬರ್ಟ್ ಫ್ಲಾಹರ್ಟಿ 1922ರಲ್ಲಿ ತೆರೆಗೆ ತಂದ ‘ನಾನೂಕ್ ಆಫ್ ದ ನಾರ್ತ್’ ಚಿತ್ರಕ್ಕಾಗಿ, ಆಗಲೇ ಬಂದೂಕು ಬಳಸುತ್ತಿದ್ದ ಇನ್ಯುಯಿಟ್ ಜನರ ಕೈಗೆ ಈಟಿ ಕೊಟ್ಟು ಬೇಟೆಯಾಡಿಸಿದ. ಕ್ಯಾಮೆರಾಕ್ಕೆ ಬೆಳಕು ಸಾಲದೆಂದು ಒಂದು ಪಕ್ಕ ತೆರೆದ ಹಿಮದ ಮನೆ ಕಟ್ಟಿಸಿದ. 1934ರ ‘ಮ್ಯಾನ್ ಆಫ್ ಆರನ್’ಗಾಗಿ, ಅಲ್ಲಿನವರು ಎಂದೋ ಬಿಟ್ಟಿದ್ದ ದೊಡ್ಡ ಶಾರ್ಕ್ ಬೇಟೆಯನ್ನು ಮತ್ತೆ ಕಲಿಸಿ ಮಾಡಿಸಿದ. ಆದರೆ ಅವನಿಂದ ಕಲಿಯಬೇಕಾದ್ದೂ ಇದೆ. ಅವನು ತಿಂಗಳುಗಟ್ಟಲೆ ಆ ಜನರ ನಡುವೆ ಇದ್ದ. ತೆಗೆದದ್ದನ್ನು ಅಲ್ಲೇ ತೊಳೆದು ಅವರಿಗೇ ಮೊದಲು ತೋರಿಸುತ್ತಿದ್ದ. ನಾವು ಎರಡೂವರೆ ಗಂಟೆ ಇದ್ದೆವು, ತೋರಿಸಿದ್ದು ನಮ್ಮ ಸಭಾಂಗಣದಲ್ಲಿ. ಅವರಿಗೆ ಆಮಂತ್ರಣ ಕಳಿಸಿದ್ದೆವು. ಸುಳ್ಯದ ಆಚೆಗೆ ಆ ರಾತ್ರಿ ವಾಪಸು ಬಸ್ ಇರುವುದಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಅದೇ ಫ್ಲಾಹರ್ಟಿ 1916ರಲ್ಲಿ, ಅದಕ್ಕೆ ಹಿಂದಿನ ಪ್ರಯಾಣಗಳಲ್ಲಿ ತೆಗೆದಿದ್ದ ಸಾವಿರಾರು ಅಡಿ ಫಿಲ್ಮನ್ನು ತನ್ನದೇ ಸಿಗರೇಟಿನ ಕಿಡಿಯಿಂದ ಸುಟ್ಟುಕೊಂಡ. ಅದು ಅಪಘಾತ. ನಾವು ಬೆರಳಿನಿಂದ ಒತ್ತಿ ಅಳಿಸಿದೆವು.

ಹೇಳದೆ ಬಿಡಬಾರದ ಇನ್ನೊಂದು ಸಂಗತಿ ಚರ್ಮ. ಮುಚ್ಚಿಗೆ ಎಂದರೆ ಚರ್ಮ. ಅದು ಎಲ್ಲಿಂದ ಬರುತ್ತದೆ, ಹೇಗೆ ನೆನೆಹಾಕುತ್ತಾರೆ, ಕೂದಲು ಹೇಗೆ ತೆಗೆಯುತ್ತಾರೆ ಎಂದು ಒಬ್ಬ ಹುಡುಗ ಕೇಳಿದ. ಅವರು ಸಹಜವಾಗಿ ಉತ್ತರ ಕೊಡಲು ಹೊರಟರು. ಜೊತೆಗಿದ್ದ ದೊಡ್ಡವರಿಗೆ ಮುಜುಗರವಾಯಿತು. “ಅದೆಲ್ಲ ಬೇಡ, ತಾಳದ ಬಗ್ಗೆ ಕೇಳು” ಎಂದು ಹುಡುಗನನ್ನು ತಡೆದೆವು. ಫೋನ್ ಹಿಡಿದವನು ತಾನಾಗಿಯೇ ಚಿತ್ರೀಕರಣ ನಿಲ್ಲಿಸಿದ. ರಂಗಸ್ಥಳದಲ್ಲಿ ಮದ್ದಳೆಗೆ ಕೈಮುಗಿಯುವ ನಾವು, ಅದನ್ನು ಮಾಡುವ ಕೈ ಯಾವುದನ್ನು ಮುಟ್ಟಬೇಕಾಗುತ್ತದೆ ಎನ್ನುವುದನ್ನು ನೋಡಲು ಒಲ್ಲೆವು. ಆ ಹುಡುಗ ಅಂದು ಕಲಿತ ಪಾಠ ಯಾವ ಪಾಠಯೋಜನೆಯಲ್ಲಿಯೂ ಇರಲಿಲ್ಲ. ಕರಕುಶಲವನ್ನು ಶಾಲೆಗೆ ತರಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಹೊತ್ತಿಗೇ ಅದಕ್ಕೊಂದು ಪ್ರತ್ಯೇಕ ತಜ್ಞರ ಗುಂಪು ಕೆಲಸ ಮಾಡಿತ್ತು. 2020ರ ನೀತಿ 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟದ ಕೆಲಸದವರು, ಕಲಾವಿದರ ಬಳಿ ಕಲಿಯಲಿ ಎನ್ನುತ್ತದೆ. ನೀತಿ ಏನೇ ಹೇಳಲಿ, ಮಗು ಪ್ರಶ್ನೆ ಕೇಳಿದಾಗ ಬಾಯಿ ಮುಚ್ಚಿಸುವ ಮೇಷ್ಟ್ರು ಜೊತೆಗಿದ್ದರೆ ಹತ್ತು ದಿನವೂ ಪ್ರವಾಸವೇ.

ನಮ್ಮ ಪಕ್ಕದ ತಾಲೂಕಿನಲ್ಲೇ ದಾಖಲಾತಿ ಎಂದರೇನು ಎನ್ನುವುದಕ್ಕೆ ದೊಡ್ಡ ಉದಾಹರಣೆ ಇದೆ. 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ದಿನಗಟ್ಟಲೆ ಕುಳಿತು ಸಿರಿ ಪಾಡ್ದನವನ್ನು ಹಾಡಿ ಹೇಳಿದರು. ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರು ಅದನ್ನು ಧ್ವನಿಮುದ್ರಿಸಿಕೊಂಡರು. ತುಳುವಿನಲ್ಲಿ 15,683 ಸಾಲುಗಳಾದವು. 1998ರಲ್ಲಿ ಅದು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚಾಯಿತು. ಸಿರಿ ಜಾತ್ರೆಯ ರಾತ್ರಿ ಅಲ್ಲಿಷ್ಟು ಇಲ್ಲಿಷ್ಟು ಕೇಳುವ ಪಾಡ್ದನ, ಕೇಳುವ ವ್ಯವಧಾನ ಇದ್ದವರ ಎದುರು ಅಷ್ಟು ದೊಡ್ಡದಾಗಿ ಬಿಚ್ಚಿಕೊಂಡಿತು. ಅವರಿಗೆ ದೊಡ್ಡ ಸಂಸ್ಥೆಗಳ ಬೆಂಬಲ ಇತ್ತು, ನಮಗೆ ಇರುವುದು ಒಂದು ಫೋನ್ ಎಂದು ಹೇಳಬಹುದು. ನಿಜ. ಆದರೆ ಅಡ್ಡಬಾಯಿ ಹಾಕದೆ ಕೂರುವುದಕ್ಕೆ ಅನುದಾನ ಬೇಡ.

ಸತ್ಯಜಿತ್ ರಾಯ್ 1976ರಲ್ಲಿ ಬಾಲಸರಸ್ವತಿಯವರ ಮೇಲೆ ಮಾಡಿದ ‘ಬಾಲ’ ಚಿತ್ರವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ತೋರಿಸುತ್ತೇನೆ. ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ಗೆ ಅವರು ಕಡಲತೀರದಲ್ಲಿ ಅಭಿನಯಿಸುವ ಭಾಗ ಬಂದಾಗ, ನಮ್ಮ ಭಾಷೆಯ ಹಾಡಲ್ಲವೇ, ಎಲ್ಲರ ಮುಖ ಅರಳುತ್ತದೆ. ನನಗೆ ಆ ಭಾಗ ಅಷ್ಟು ಹಿಡಿಸುವುದಿಲ್ಲ. ಗಾಳಿ ಸೀರೆಯನ್ನು ಎಳೆದಾಡುತ್ತದೆ, ಕಣ್ಣು ಅಲ್ಲಿಗೇ ಹೋಗುತ್ತದೆ. ಕೊನೆಯಲ್ಲಿ ರಾಯ್ ಏನೂ ಚಮತ್ಕಾರ ಮಾಡದೆ ಅವರ ವರ್ಣವನ್ನು ದೀರ್ಘವಾಗಿ ನೋಡುತ್ತಾ ಕೂರುತ್ತಾರೆ. ಆಗ ಆಕೆಗೆ 58 ವರ್ಷ. ಇಷ್ಟು ದೊಡ್ಡ ನಿರ್ದೇಶಕ ಸುಮ್ಮನೆ ನೋಡುವುದನ್ನು ಆರಿಸಿಕೊಂಡದ್ದನ್ನು ವಿದ್ಯಾರ್ಥಿಗಳಿಗೆ ತೋರಿಸಿ, ಅದೇ ವಾರ ಅವರ ಆರು ಸೆಕೆಂಡಿನ ತುಣುಕುಗಳಿಗೆ ‘ಸಂಕಲನ ಉತ್ತಮ’ ಎಂದು ಬರೆಯುತ್ತಿದ್ದವನು ನಾನು.

ಈಗ ಎರಡು ವರ್ಷದಿಂದ ಸ್ವಲ್ಪ ಬೇರೆ ರೀತಿ ಪ್ರಯತ್ನಿಸುತ್ತಿದ್ದೇವೆ. ಪೂರ್ತಿ ಯಶಸ್ಸು ಎಂದು ಹೇಳಲಾರೆ. ಕಡಬ ತಾಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆದದ್ದನ್ನು ಹೇಳುತ್ತೇನೆ. ಅಲ್ಲಿ ಗಣಿತಕ್ಕೆ ಹೋಗಿದ್ದ ನಮ್ಮ ಪ್ರಶಿಕ್ಷಣಾರ್ಥಿನಿ ಏಳನೆಯ ತರಗತಿಯ ಒಬ್ಬ ಹುಡುಗನ ಬಗ್ಗೆ ‘ಮಾತನಾಡುವುದಿಲ್ಲ, ಗಮನವಿಲ್ಲ’ ಎಂದು ದಿನಚರಿಯಲ್ಲಿ ಬರೆದಿದ್ದರು. ಅವನ ಅಜ್ಜಿ ಮಡಕೆ ಮಾಡುವವರು. ಮೊದಲ ಭೇಟಿಗೆ ಫೋನ್ ಒಯ್ಯಬಾರದು ಎಂದು ನಾನು ಹಟ ಹಿಡಿದೆ. ಪ್ರಶಿಕ್ಷಣಾರ್ಥಿನಿಗೆ ಸಮಾಧಾನವಿರಲಿಲ್ಲ, ಒಂದು ದಿನ ವ್ಯರ್ಥ ಎಂದೇ ಅವರ ಲೆಕ್ಕ. ಮಕ್ಕಳು ಹೋದರು, ಕುಳಿತರು, ಮಣ್ಣು ತುಳಿದರು, ಚಹಾ ಕುಡಿದು ಬಂದರು. ಮರುದಿನ ತರಗತಿಯಲ್ಲಿ ಪ್ರತಿಯೊಬ್ಬರೂ ಒಂದು ಪ್ರಶ್ನೆ ಬರೆಯಬೇಕಿತ್ತು. ‘ನಿಮಗೆ ಯಾವ ಪ್ರಶಸ್ತಿ ಬಂದಿದೆ’, ‘ಯುವಜನರಿಗೆ ನಿಮ್ಮ ಸಂದೇಶವೇನು’ ಎಂಬ ಮಾಮೂಲಿ ಪ್ರಶ್ನೆ ಒಂದೂ ಇರಲಿಲ್ಲ. ‘ಮಡಕೆಯ ಅಡಿಭಾಗ ಮೊದಲು ತೂತಾಗಿರುತ್ತದೆ, ಆಮೇಲೆ ಹೇಗೆ ಮುಚ್ಚುತ್ತದೆ?’ ‘ಗದ್ದೆ ಎಲ್ಲ ತೋಟ ಆಯಿತಲ್ಲ, ಮಣ್ಣು ಎಲ್ಲಿಂದ?’ ಎರಡನೆಯ ಪ್ರಶ್ನೆ ಕೇಳಿದ ಹುಡುಗಿಯ ಮನೆಯ ಗದ್ದೆಯೂ ಅಡಿಕೆ ತೋಟವಾಗಿದೆ. ಸಮಾಜ ವಿಜ್ಞಾನದ ಒಂದು ಇಡೀ ಅಧ್ಯಾಯ ಆ ಸಾಲಿನಲ್ಲಿದೆ.

ಚಿತ್ರೀಕರಣದ ದಿನ ಅಜ್ಜಿ ಮುಖ ತೆಗೆಯಬೇಡಿ ಎಂದರು. ಕೈ ಮಾತ್ರ. ಪ್ರಶಿಕ್ಷಣಾರ್ಥಿನಿ ನನ್ನ ಮುಖ ನೋಡಿದರು. ಬೇಡ ಎಂದರೆ ಬೇಡ. ಕೈ ಮಾತ್ರ ತೆಗೆಯಬೇಕಾಗಿ ಬಂದದ್ದೇ ಒಳ್ಳೆಯದಾಯಿತು, ಬೇರೆ ಕಡೆ ತಿರುಗಿಸಲು ಏನೂ ಇರಲಿಲ್ಲ. ಒಳಗಿನಿಂದ ಕಲ್ಲು ಹಿಡಿದು ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತಾ ತಟ್ಟುತ್ತಾ ಅಡಿ ಮುಚ್ಚಿಕೊಳ್ಳುವವರೆಗೆ ಹತ್ತೊಂಬತ್ತು ನಿಮಿಷ ಒಂದೇ ತುಣುಕು. ಮಾತನಾಡದ ಹುಡುಗ ತುಳುವಿನಲ್ಲಿ ಅಜ್ಜಿಯನ್ನು ಕೇಳಿದ, ತೆಳ್ಳಗಾದದ್ದು ಹೇಗೆ ಗೊತ್ತಾಗುತ್ತದೆ ಎಂದು. ತಟ್ಟುವ ಸ್ವರ ಬದಲಾಗುತ್ತದಲ್ಲ, ಕೇಳು ಎಂದರು ಅಜ್ಜಿ. ಆಮೇಲೆ ಮೂರು ನಿಮಿಷ ಯಾರೂ ಮಾತನಾಡಿಲ್ಲ, ತಟ್ಟುವ ಸದ್ದು ಮಾತ್ರ ಇದೆ. ಹುಡುಗ ಮರುವಾರ ತರಗತಿಯಲ್ಲಿ ಆ ತುಣುಕನ್ನು ತೋರಿಸಿ ತಾನೇ ವಿವರಿಸಿದ, ಮೊದಲು ತುಳುವಿನಲ್ಲಿ, ಬಳಿಕ ಟೀಚರ್ ಕೇಳಿದ್ದಕ್ಕೆ ಕನ್ನಡದಲ್ಲಿ.

ಭಾಷೆಯ ವಿಚಾರದಲ್ಲಿ ನಮ್ಮಲ್ಲಿ ಒಂದು ಹಳೆಯ ಹಿಂಜರಿಕೆ ಇದೆ. ಶಾಲೆಯ ಚಟುವಟಿಕೆ ಎಂದರೆ ಶಿಷ್ಟ ಕನ್ನಡದಲ್ಲೇ ಇರಬೇಕು ಎಂದುಕೊಂಡು, ತುಳು, ಅರೆಭಾಷೆ, ಮಲಯಾಳ, ಹವ್ಯಕ, ಬ್ಯಾರಿ ಮಾತನಾಡುವವರ ಬಾಯಿ ಮುಚ್ಚಿಸಿ ಮೇಲಿನಿಂದ ನಿರೂಪಣೆ ಹಾಕುತ್ತೇವೆ. ಸುಳ್ಯದ ಮದ್ದಳೆಯವರಿಗೂ ಹೀಗೇ ಮಾಡಿದೆವು. ಅವರು ಉಪಕರಣಗಳಿಗೆ, ಗಂಟುಗಳಿಗೆ, ಚರ್ಮದ ಹದಕ್ಕೆ ಬಳಸಿದ ಮಾತುಗಳು ಒಂದೂ ನಮ್ಮ ಚಿತ್ರದಲ್ಲಿಲ್ಲ. ‘ಸಾಂಪ್ರದಾಯಿಕ ಸಲಕರಣೆಗಳಿಂದ ವಿಶಿಷ್ಟ ರೀತಿಯಲ್ಲಿ’ ಎಂಬ ನಮ್ಮ ವಾಕ್ಯ ಇದೆ. ಕೆಳಗೆ ಕನ್ನಡದ ಸಾಲು ಹಾಕಿ, ಅವರ ಮಾತು ಅವರದ್ದೇ ಇರಲಿ. ಆ ಸಾಲು ಬರೆಯುವುದು ಮಕ್ಕಳಿಗೆ ಒಳ್ಳೆಯ ಅನುವಾದದ ಅಭ್ಯಾಸ ಕೂಡ. ಯಾವ ಪದಕ್ಕೆ ಕನ್ನಡವೇ ಸಿಗುವುದಿಲ್ಲ ಎಂದು ಅವರಿಗೆ ಆಗ ಗೊತ್ತಾಗುತ್ತದೆ.

ಸಹೋದ್ಯೋಗಿಗಳ ಆಕ್ಷೇಪಗಳು ನನಗೆ ಗೊತ್ತು. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಒತ್ತಡದಲ್ಲಿ ಪ್ರೌಢಶಾಲೆಯವರು ನಮ್ಮವರಿಗೆ ಪೀರಿಯಡ್ ಬಿಟ್ಟುಕೊಡುವುದೇ ದೊಡ್ಡದು. ಮಕ್ಕಳು ಫೋನ್ ತರುವಂತಿಲ್ಲ, ತರಬಾರದೂ ಕೂಡ. ಇರುವುದು ಮೇಷ್ಟ್ರ ಒಂದು ಫೋನ್. ಇದು ಕೊರತೆಯಲ್ಲ ಎಂದು ನನಗೆ ಅನುಭವದಿಂದ ಅನ್ನಿಸಿದೆ. ಒಬ್ಬ ಫೋನ್ ಹಿಡಿಯುತ್ತಾನೆ, ಒಬ್ಬಳು ಗಡಿಯಾರ ನೋಡಿ ಯಾವ ನಿಮಿಷಕ್ಕೆ ಏನಾಯಿತು ಎಂದು ಬರೆಯುತ್ತಾಳೆ, ಇಬ್ಬರು ಕೈ, ಉಪಕರಣಗಳ ಚಿತ್ರ ಬಿಡಿಸುತ್ತಾರೆ, ಉಳಿದವರು ನೋಡುತ್ತಾರೆ. ಎಲ್ಲರ ಕೈಯಲ್ಲೂ ಫೋನ್ ಇದ್ದರೆ ನೋಡುವವರು ಯಾರೂ ಇರುವುದಿಲ್ಲ. ಸಾಧ್ಯವಾದರೆ ಇನ್ನೊಂದು ಹಳೆಯ ಫೋನನ್ನು ಕೆಲಸದ ಹತ್ತಿರವೇ ಇಟ್ಟು ಧ್ವನಿ ಮಾತ್ರ ಹಿಡಿಯಬೇಕು. ಫೋನಿನ ಚಿತ್ರ ಈಗ ಚೆನ್ನಾಗಿಯೇ ಬರುತ್ತದೆ, ಹಾಳಾಗುವುದು ಧ್ವನಿ. ಮಳೆಗಾಲದಲ್ಲಿ ಹೆಂಚಿನ ಅಥವಾ ಶೀಟಿನ ಮಾಡಿನ ಕೆಳಗೆ ಎರಡು ಮಾರು ದೂರದಿಂದ ಏನನ್ನೂ ಹಿಡಿಯಲಾಗದು.

ಜಾಗ ಸಾಲದು ಎನ್ನುವ ಮಾತನ್ನು ಮಾತ್ರ ನಾನು ಇನ್ನು ಒಪ್ಪುವುದಿಲ್ಲ. ಸಾಧಾರಣ ಫೋನಿನಲ್ಲಿ ಒಂದು ನಿಮಿಷದ ವಿಡಿಯೋಗೆ ಸುಮಾರು 100ರಿಂದ 150 ಎಂಬಿ ಬೇಕು. 64 ಜಿಬಿಯ ಒಂದು ಕಾರ್ಡಿನಲ್ಲಿ ಏಳೆಂಟು ಗಂಟೆ ಹಿಡಿಯುತ್ತದೆ. ಅದರ ಬೆಲೆ ನಾವು ಮಾದರಿ ಪಾಠೋಪಕರಣಕ್ಕೆ ಥರ್ಮಾಕೋಲು, ಬಣ್ಣದ ಕಾಗದ ಎಂದು ಸುರಿಯುವ ಹಣಕ್ಕಿಂತ ಹೆಚ್ಚಲ್ಲ. ಕತ್ತರಿಸದ ಎಲ್ಲವೂ ಒಂದು ಪ್ರತಿ ಕಾಲೇಜು ಗ್ರಂಥಾಲಯದಲ್ಲಿ, ಒಂದು ಪ್ರತಿ ಆ ಮನೆಯಲ್ಲಿ ಇರಬೇಕು. ಜೊತೆಗೆ ಯಾವ ನಿಮಿಷದಲ್ಲಿ ಏನಿದೆ ಎಂಬ ಹಾಳೆ. ಮನೆಯವರು ಸಹಿ ಮಾಡಿ ಪಡೆದ ಕಾಗದ ಬರುವವರೆಗೆ ಅಂಕ ಕೊಡುವುದಿಲ್ಲ ಎಂದು ಈ ವರ್ಷದಿಂದ ಹೇಳಿದ್ದೇನೆ. ಪ್ರಶಿಕ್ಷಣಾರ್ಥಿಗಳಿಗೆ ಸಿಟ್ಟು ಬಂದಿದೆ, ಬರಲಿ. ಮೌಲ್ಯಮಾಪನ ಹಾಳೆಯಿಂದ ‘ಹಿನ್ನೆಲೆ ಸಂಗೀತ’ ಮತ್ತು ‘ಸಂದೇಶ’ ಎರಡೂ ಕಲಮು ತೆಗೆದಿದ್ದೇನೆ. ಅವುಗಳ ಜಾಗದಲ್ಲಿ ಮಕ್ಕಳ ಪ್ರಶ್ನೆಗಳ ಪುಸ್ತಕ ಮತ್ತು ಕತ್ತರಿಸದ ಅತಿ ದೀರ್ಘ ತುಣುಕು. ಅಂತಿಮ ಚಿತ್ರಕ್ಕೆ ಇನ್ನೂ ಐದು ಅಂಕ ಉಳಿಸಿದ್ದೇನೆ, ಅದೂ ಹೆಚ್ಚಾಯಿತೋ ಏನೋ.

ಪುತ್ತೂರಿನಲ್ಲಿ ಓದುವ ನಾವು ವರ್ಷಕ್ಕೊಮ್ಮೆ ಬಾಲವನಕ್ಕೆ ಹೋಗುತ್ತೇವೆ, ಶಿವರಾಮ ಕಾರಂತರ ಮನೆಯ ಎದುರು ಗುಂಪಿನ ಫೋಟೋ ತೆಗೆಸಿಕೊಳ್ಳುತ್ತೇವೆ. ಸುಮಾರು 1930ರ ಹೊತ್ತಿಗೇ ಮೂಕಿ ಚಿತ್ರ ತೆಗೆಯಲು ಹೊರಟಿದ್ದ ಮನುಷ್ಯ ಅವರು. ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಹೆಸರುಗಳನ್ನು ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಎಷ್ಟು ಮಂದಿ ಕೇಳಿದ್ದಾರೆ? ಯಕ್ಷಗಾನದ ಬಗ್ಗೆ ಅವರು ಬರೆದ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದು ಊರೂರು ತಿರುಗಿ, ಆಟ ನೋಡಿ, ಆಡುವವರನ್ನು ಕೇಳಿ ಬರೆದದ್ದು. ಅವರ ಎಲ್ಲ ತೀರ್ಮಾನಗಳನ್ನು ಒಪ್ಪಬೇಕೆಂದೇನಿಲ್ಲ, ತೆಂಕಿನ ನಮ್ಮವರಿಗೆ ಕಾರಂತರ ಮೇಲೆ ತಕರಾರುಗಳಿವೆ. ಆದರೆ ಅವರು ಮೊದಲು ನೋಡಿದರು, ಆಮೇಲೆ ಹೇಳಿದರು. ನಮ್ಮ ಚಿತ್ರಗಳಲ್ಲಿ ನಿರೂಪಣೆ ಮೊದಲೇ ಬರೆದಾಗಿರುತ್ತದೆ, ಅದಕ್ಕೆ ತಕ್ಕ ದೃಶ್ಯ ಹುಡುಕಿಕೊಂಡು ಹೋಗುತ್ತೇವೆ.

ಆ ಯುವಕನಿಗೆ ಅಂದು ನಾನು ಎಂಟು ನಿಮಿಷದ ಚಿತ್ರವನ್ನೇ ಫೋನಿಗೆ ಹಾಕಿ ಕಳಿಸಿದೆ. ಆಮೇಲೆ ಹಳೆಯ ಪ್ರಶಿಕ್ಷಣಾರ್ಥಿಗಳ ಗುಂಪಿಗೆ ಸಂದೇಶ ಹಾಕಿದೆ. ಅಂದು ಜೊತೆಗೆ ಬಂದಿದ್ದ ಒಬ್ಬರು, ಈಗ ಬೇರೆ ಜಿಲ್ಲೆಯಲ್ಲಿ ಅತಿಥಿ ಶಿಕ್ಷಕಿ, ತಮ್ಮ ಹಳೆಯ ಫೋನನ್ನು ತಮ್ಮನಿಗೆ ಕೊಟ್ಟಿದ್ದವರು, ಹುಡುಕಿ ಒಂದು ಧ್ವನಿಮುದ್ರಿಕೆ ಕಳಿಸಿದರು. ವರದಿ ಬರೆಯಲೆಂದು ಅವರು ತಮ್ಮಷ್ಟಕ್ಕೆ ರೆಕಾರ್ಡ್ ಮಾಡಿಟ್ಟುಕೊಂಡಿದ್ದು, ನಾಲ್ಕು ನಿಮಿಷ ನಲವತ್ತು ಸೆಕೆಂಡು. ಮಳೆಯ ಸದ್ದು ಜೋರಾಗಿದೆ, ಯಾರೋ ಕೆಮ್ಮುತ್ತಾರೆ, ನನ್ನದೇ ಸ್ವರ “ಈಚೆ ತಿರುಗಿ” ಎನ್ನುತ್ತದೆ. ಅದರ ನಡುವೆ ಏಳೆಂಟು ಸಲ ಬೆರಳಿನ ಪೆಟ್ಟು ಕೇಳುತ್ತದೆ. ಒಣಗದ ಕರಣೆಯ ಮೇಲಿನ ಪೆಟ್ಟು, ಅದರಿಂದ ಅವನಿಗೆ ಎಷ್ಟು ಉಪಯೋಗವೋ. ಕಳಿಸಿದೆ.

ಈ ಬಾರಿ ದೀಪಾವಳಿಗೆ ಮೊದಲು ಎರಡು ಮದ್ದಳೆಗಳ ಕೆಲಸ ಬಂದಿದೆಯಂತೆ, ಊರಿನ ಹವ್ಯಾಸಿ ಸಂಘದವರದ್ದು. ಕರಣೆ ಈಗ ಒಡೆಯುವುದು ಕಡಿಮೆಯಾಗಿದೆ ಎಂದ. ಮಕ್ಕಳನ್ನು ಕರೆದುಕೊಂಡು ಬರಬಹುದೇ, ಮೊದಲ ದಿನ ಫೋನ್ ತರುವುದಿಲ್ಲ ಎಂದೆ. “ತನ್ನಿ ಸರ್, ತೊಂದರೆ ಇಲ್ಲ. ಹಾಡು ಮಾತ್ರ ಹಾಕಬೇಡಿ” ಎಂದ.